ಹಳಿಗಳಿವೆ, ಹೊಣೆ ಹೊರುವವರು ಬೇಕು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ರಸ್ತೆ ಗುಂಡಿಯ ವಿಚಾರ ಬಿಟ್ಟರೆ ಮತ್ತೆ ಮತ್ತೆ ಕಾಣುವ ಪ್ರಶ್ನೆ ಒಂದೇ: ಬೆಂಗಳೂರಿನ ಉಪನಗರ ರೈಲು ಯಾವಾಗ ಓಡುತ್ತದೆ? ಕೇಳುವವರು ಹೆಚ್ಚಾಗಿ ಊರಿನ ಅಂಚಿನವರು. ರಾಜಾನುಕುಂಟೆ, ಚಿಕ್ಕಬಾಣಾವರ, ಹೀಲಲಿಗೆ, ದೇವನಹಳ್ಳಿ, ಅದರಾಚೆಗೆ ಮಾಲೂರು, ಬಂಗಾರಪೇಟೆ. ಒಬ್ಬರಿಗೆ ಮಗಳ ಕಾಲೇಜಿನ ಚಿಂತೆ, ಇನ್ನೊಬ್ಬರಿಗೆ ನಿಲ್ದಾಣ ಬರುತ್ತದೆಂಬ ನಂಬಿಕೆಯಲ್ಲಿ ತೆಗೆದುಕೊಂಡ ಸೈಟಿನ ಚಿಂತೆ. ದಿನಾಂಕ ಕೊಟ್ಟವರ ಮಾತು ಒಂದೊಂದಾಗಿ ತಪ್ಪಿರುವುದರಿಂದ ನಾನು ಇನ್ನೊಂದು ದಿನಾಂಕ ಕೊಡಲು ಹೋಗುವುದಿಲ್ಲ. ಆದರೆ ಇಷ್ಟು ತಡ ಏಕಾಯಿತು ಎಂಬುದನ್ನು ಬಿಡಿಸಿ ಹೇಳಬಹುದು. ದುಡ್ಡಿಲ್ಲದ್ದಕ್ಕೆ ನಿಂತಿದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ವರ್ಷಗಟ್ಟಲೆ ಇದರ ಬೆನ್ನು ಹತ್ತಿದ ಮೇಲೆ ನನಗೆ ಕಂಡದ್ದು ಬೇರೆ.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ದಂಡು ಪ್ರದೇಶದಿಂದ ಜೋಲಾರಪೇಟೆಗೆ. ಆಮೇಲೆ ಮೈಸೂರಿನ ಕಡೆಗೆ, ತುಮಕೂರಿನ ಕಡೆಗೆ, ದೊಡ್ಡಬಳ್ಳಾಪುರದ ಕಡೆಗೆ ಹಳಿ ಹೋಯಿತು. 20ನೇ ಶತಮಾನದ ಎರಡನೇ ದಶಕದಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಕಿರಿದಾದ ಹಳಿಯ ಒಂದು ಲಘು ರೈಲು ಮಾರ್ಗವೂ ಬಂತು; ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಪುಟ್ಟ ಕಲ್ಲಿನ ನಿಲ್ದಾಣಗಳು ಆ ಕಾಲದವು. ಹೊಸೂರಿನ ಕಡೆಯದನ್ನೂ ಸೇರಿಸಿಕೊಂಡರೆ ಇವತ್ತು ಈ ಊರಿನಿಂದ ಆರು ದಿಕ್ಕಿಗೆ ಹಳಿ ಹೊರಡುತ್ತದೆ. ಊರು ಬೆಳೆದದ್ದೂ ಆ ಆರು ದಿಕ್ಕಿಗೇ. ಕೃಷ್ಣರಾಜಪುರ, ಹೂಡಿ, ವೈಟ್‌ಫೀಲ್ಡ್, ಬೆಳ್ಳಂದೂರು, ಯಲಹಂಕ, ಕೆಂಗೇರಿ, ಎಲ್ಲ ಕಡೆಯೂ ನಿಲ್ದಾಣದ ಫಲಕ ಮೊದಲು, ಅಪಾರ್ಟ್‌ಮೆಂಟು ಆಮೇಲೆ. ಹೊಸದಾಗಿ ದಾರಿ ಹುಡುಕಬೇಕಾದ ಊರು ಇದಲ್ಲ. ದಾರಿ ನೂರು ವರ್ಷದಿಂದ ಬಿದ್ದಿದೆ.

ಇದು ಅಧಿಕಾರಿಗಳಿಗೆ ಕಾಣಲಿಲ್ಲ ಎನ್ನುವಂತಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ರೈಲ್ವೆಯ ತಂಡವೊಂದು ಊರಿನ ಸಂಚಾರವನ್ನು ಅಧ್ಯಯನ ಮಾಡಿ 1983ರಲ್ಲಿ ವರದಿ ಕೊಟ್ಟಿತು. ಎರಡು ಮೆಟ್ರೊ ಮಾರ್ಗ, ಇರುವ ಹಳಿಗಳ ಮೇಲೆ ಸ್ಥಳೀಯ ರೈಲು, ಸುತ್ತಲೂ ಒಂದು ವರ್ತುಲ ರೈಲು ಎಂದು ಅದರಲ್ಲಿತ್ತು. ಬೆಂಗಳೂರಿನ ಜನಸಂಖ್ಯೆ ಆಗ ಮೂವತ್ತು ಲಕ್ಷದ ಆಸುಪಾಸು. ಆ ವರದಿ ಕಪಾಟು ಸೇರಿತು. 1994ರಲ್ಲಿ ಬೆಂಗಳೂರು ಮಾಸ್ ರ‍್ಯಾಪಿಡ್ ಟ್ರಾನ್ಸಿಟ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಅದು ಕೈಗೆತ್ತಿಕೊಂಡದ್ದು ಕಂಬಗಳ ಮೇಲೆ ಓಡುವ ಲೈಟ್ ರೈಲು. ಯುಬಿ ಸಮೂಹದ ಮುಂದಾಳತ್ವದ ಖಾಸಗಿ ಒಕ್ಕೂಟ ಅದನ್ನು ಕಟ್ಟಿ ನಡೆಸುವುದೆಂದು ಮಾತಾಗಿತ್ತು. ಪತ್ರಿಕೆಗಳಲ್ಲಿ ಬಣ್ಣಬಣ್ಣದ ಚಿತ್ರಗಳು ಬಂದವು. ನಾನಾಗ ವೃತ್ತಿಗೆ ಹೊಸಬ. ಆ ನಕ್ಷೆಗಳನ್ನು ನೋಡಿ ಇನ್ನೇನು ಬಂದೇಬಿಟ್ಟಿತು ಎಂದು ನಂಬಿದವರಲ್ಲಿ ನಾನೂ ಒಬ್ಬ. ಆದರೆ ಖಾಸಗಿಯವರಿಗೆ ಲಾಭದ ಖಾತರಿ ಬೇಕಿತ್ತು, ಸರ್ಕಾರಕ್ಕೆ ಆ ಖಾತರಿ ಕೊಡುವ ಧೈರ್ಯ ಇರಲಿಲ್ಲ. ಒಂದು ಕಂಬವೂ ಏಳದೆ ಆ ದಶಕ ಮುಗಿಯಿತು. ಕಡೆಗೆ 2003ರಲ್ಲಿ ದೆಹಲಿ ಮೆಟ್ರೊ ನಿಗಮ ಬಂದು ಯೋಜನಾ ವರದಿ ಮಾಡಿಕೊಟ್ಟ ಮೇಲೆ ಲೈಟ್ ರೈಲಿನ ಜಾಗಕ್ಕೆ ಪೂರ್ಣ ಪ್ರಮಾಣದ ಮೆಟ್ರೊ ಬಂತು. ಜನರು ಮಾತ್ರ ಕೊಡಬೇಕಾದ್ದನ್ನು ಕೊಡುತ್ತಲೇ ಇದ್ದರು. ವಾಹನ ತೆರಿಗೆಯ ಮೇಲೆ ವಿಧಿಸುವ ಸೆಸ್‌ನಲ್ಲಿ ಒಂದು ಪಾಲು ಈ ಸಮೂಹ ಸಾರಿಗೆ ಕಂಪನಿಗೆ ಎಂದು ರಾಜ್ಯದ ಕಾನೂನಿನಲ್ಲೇ ಇದೆ. ರಾಯಚೂರಿನಲ್ಲಿ ಸ್ಕೂಟರ್ ಕೊಂಡವರೂ ಬೆಂಗಳೂರಿನ ರೈಲಿಗೆ ದುಡ್ಡು ಕಟ್ಟಿದ್ದಾರೆ ಎಂಬುದನ್ನು ನಾವು ಇಲ್ಲಿಯವರು ನೆನಪಿಡಬೇಕು.

ಲೈಟ್ ರೈಲು, ಮೆಟ್ರೊ, ಉಪನಗರ ರೈಲು ಇವುಗಳ ನಡುವಿನ ವ್ಯತ್ಯಾಸ ಕೇಳುವವರೂ ಇದ್ದಾರೆ. ಲೈಟ್ ರೈಲಿನದ್ದು ಚಿಕ್ಕ ಬೋಗಿಗಳು, ಕಡಿಮೆ ಭಾರ, ಕಡಿಮೆ ಜನ. ರಸ್ತೆಯ ಬದಿಯಲ್ಲೋ ಮೇಲೋ ಹಗುರವಾದ ಕಟ್ಟಣೆಯಲ್ಲಿ ಓಡಿಸಬಹುದು. ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೊಲೈಟ್ ಎಂದು ಇದಕ್ಕೊಂದು ಮಾದರಿ ಹೊರಡಿಸಿತು. ಒಂದು ಗಂಟೆಗೆ ಒಂದು ದಿಕ್ಕಿನಲ್ಲಿ ಹದಿನೈದು ಸಾವಿರದವರೆಗೆ ಪ್ರಯಾಣಿಕರು ಇರುವ ಕಡೆಗೆ ಅದು ಸಾಕು ಎಂಬ ಲೆಕ್ಕ. ಮೆಟ್ರೊ ಅದಕ್ಕಿಂತ ದೊಡ್ಡದು, ದುಬಾರಿಯದು, ಊರಿನೊಳಗೆ ಹತ್ತಿರ ಹತ್ತಿರ ನಿಲ್ಲುವಂಥದ್ದು. ಉಪನಗರ ರೈಲು ದೂರದವರದ್ದು. ನಿಲ್ದಾಣಗಳ ನಡುವೆ ಅಂತರ ಹೆಚ್ಚು, ವೇಗ ಹೆಚ್ಚು, ಒಂದು ರೈಲಿಗೆ ಹತ್ತುವ ಜನವೂ ಹೆಚ್ಚು. ಮುಂಬೈ ಲೋಕಲ್ ಹತ್ತಿದವರಿಗೆ ವಿವರಿಸಬೇಕಾಗಿಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ಆಚೆಯಿಂದ ಬಂದು ದುಡಿದು ಸಂಜೆ ಮನೆಗೆ ಮರಳುವವರು ಲಕ್ಷಾಂತರ ಇರುವ ಊರಿಗೆ ಮೊದಲು ಬೇಕಾದ್ದು ಈ ಮೂರನೆಯದು.

ಅವರು ಯಾರು ಎಂದು ಗೊತ್ತಾಗಬೇಕಾದರೆ ಒಂದು ದಿನ ಗಣಿಯೂರಾದ ಕೆಜಿಎಫ್‌ನಿಂದ ಬೆಂಗಳೂರಿಗೆ ಬರುವ ಮಾರಿಕುಪ್ಪಂ ರೈಲು ಹತ್ತಬೇಕು. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಗಣಿ ಹೋದ ಮೇಲೆ ಕೆಜಿಎಫ್ ಎಂಬ ಇಡೀ ಊರು ಬೆಂಗಳೂರಿಗೆ ದುಡಿಯಲು ಬರುವ ಊರಾಯಿತು. ನಾನು ಈ ರೈಲಿನಲ್ಲಿ ಹಲವು ಬಾರಿ ಬಂದಿದ್ದೇನೆ. ನಸುಕು ಹರಿಯುವ ಮೊದಲೇ ಹೊರಡುತ್ತದೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಂದು ಇಂಗ್ಲಿಷರ ಗಣಿಯ ಹೆಸರುಗಳನ್ನೇ ಹೊತ್ತ ನಿಲ್ದಾಣಗಳಲ್ಲಿ ಟಿಫಿನ್ ಬಾಕ್ಸಿನ ಚೀಲ ಹಿಡಿದವರು ಹತ್ತುತ್ತಾರೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಸೀಟು ತುಂಬಿರುತ್ತದೆ, ಮಾಲೂರಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿಲ್ಲ. ಆಸ್ಪತ್ರೆಯ ಆಯಾಗಳು, ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ವೈಟ್‌ಫೀಲ್ಡಿನ ಕಂಪನಿಗಳಲ್ಲಿ ಹೌಸ್‌ಕೀಪಿಂಗ್ ಮಾಡುವವರು, ನಡುನಡುವೆ ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡ ಇಂಜಿನಿಯರ್ ಹುಡುಗರು. ಕನ್ನಡ, ತಮಿಳು, ತೆಲುಗು ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಬಾಗಿಲ ಹತ್ತಿರ ಹೂ ಕಟ್ಟುವವರು ಕಟ್ಟುತ್ತಲೇ ಇರುತ್ತಾರೆ.

ಅಂಥ ಒಂದು ಬೆಳಗ್ಗೆ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರನ್ನು ದಿನಾ ಹೀಗೇನಾ ಎಂದು ಕೇಳಿದೆ. "ರೈಲು ಬರೋದ್ರಲ್ಲಿ ತೊಂದ್ರೆ ಇಲ್ಲ ಸಾರ್, ನಿಲ್ಲಿಸ್ಬಿಡ್ತಾರಲ್ಲ, ಅದೇ ಸಂಕಟ. ಲೇಟಾದ್ರೆ ಅರ್ಧ ದಿನದ ಸಂಬಳ ಹೋಗತ್ತೆ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಊರು ಹತ್ತಿರವಾದಂತೆ ಸಿಗ್ನಲ್ ಸಿಗದೆ ರೈಲು ನಿಲ್ಲುತ್ತದೆ. ಪಕ್ಕದ ಹಳಿಯಲ್ಲಿ ದೂರದೂರಿನ ಎಕ್ಸ್‌ಪ್ರೆಸ್ ಸರಸರನೆ ದಾಟಿ ಹೋಗುತ್ತದೆ. ಚೆನ್ನೈನಿಂದ, ದೆಹಲಿಯಿಂದ ಬರುವ ರೈಲಿಗೆ ಮೊದಲು ದಾರಿ ಬಿಡುವುದು ರೈಲ್ವೆಯ ರೂಢಿ. ಅವರ ದೃಷ್ಟಿಯಲ್ಲಿ ಅದು ತಪ್ಪಲ್ಲ. ಆ ಹಳಿ ಹಾಕಿದ್ದೇ ದೂರದ ಪ್ರಯಾಣಕ್ಕೆ. ಆದ್ದರಿಂದಲೇ ಸ್ಥಳೀಯ ರೈಲಿಗೆ ಬೇರೆ ಹಳಿ ಬೇಕು ಎಂಬ ವಾದ ಹುಟ್ಟಿದ್ದು. ಹೈದರಾಬಾದ್ ಈ ಪಾಠ ಮೊದಲು ಕಲಿತ ಊರು. 2003ರಲ್ಲಿ ಅಲ್ಲಿ ಎಂಎಂಟಿಎಸ್ ಎಂಬ ಸ್ಥಳೀಯ ರೈಲು ಶುರುವಾಯಿತು. ಕೇಂದ್ರ, ರಾಜ್ಯ ಅರ್ಧರ್ಧ ದುಡ್ಡು ಹಾಕಿ, ಇರುವ ಹಳಿಗಳ ಮೇಲೇ ಓಡಿಸಿದ್ದರಿಂದ ಬೇಗ ಆಯಿತು, ಅಗ್ಗದಲ್ಲೂ ಆಯಿತು. ಆದರೆ ಎಕ್ಸ್‌ಪ್ರೆಸ್ ರೈಲುಗಳ ನಡುವೆ ಸಿಕ್ಕ ಸಂದಿಯಲ್ಲಿ ಓಡಬೇಕಾದ ರೈಲು ಹತ್ತು ನಿಮಿಷಕ್ಕೊಂದು ಬರಲಾರದು. ರೈಲು ಯಾವಾಗ ಬರುತ್ತದೆಂದು ಖಾತ್ರಿಯಿಲ್ಲದ ಕಡೆ ಜನ ಬೈಕು ಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಪ್ರತ್ಯೇಕ ಹಳಿಯ ಬೇಡಿಕೆ ಗಟ್ಟಿಯಾದದ್ದು ನಾಗರಿಕರ ಒತ್ತಾಯದಿಂದ. 2010ರ ಸುಮಾರಿಗೆ ಪ್ರಜಾ ರಾಗ್ ಎಂಬ ಗುಂಪು 'ನಮ್ಮ ರೈಲು' ಹೆಸರಿನಲ್ಲಿ ವರದಿಯೊಂದನ್ನು ಮಾಡಿ ಸರ್ಕಾರದ ಮುಂದಿಟ್ಟಿತು. ಬಳಿಕ ರೈಲ್ವೆಯದೇ ಸಲಹಾ ಸಂಸ್ಥೆ ರೈಟ್ಸ್ ಅಧ್ಯಯನ ಮಾಡಿತು. 'ಚುಕುಬುಕು ಬೇಕು' ಎಂದು ಜನ ನಿಲ್ದಾಣಗಳಲ್ಲಿ ಸೇರಿದರು. 2018ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ 160 ಕಿಲೋಮೀಟರಿನ ಜಾಲಕ್ಕೆ 17,000 ಕೋಟಿ ರೂಪಾಯಿ ಎಂದರು. 2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ 148 ಕಿಲೋಮೀಟರಿಗೆ 18,600 ಕೋಟಿ ಎಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಅಂತಿಮ ಒಪ್ಪಿಗೆ ಸಿಕ್ಕಿದ್ದು 148.17 ಕಿಲೋಮೀಟರ್, 15,767 ಕೋಟಿ ರೂಪಾಯಿಗೆ. ನಾಲ್ಕು ಮಾರ್ಗಗಳು: ಮೆಜೆಸ್ಟಿಕ್ಕಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿ, ನಲವತ್ತು ವರ್ಷ ಆಗದ ಕೆಲಸವನ್ನು ನಲವತ್ತು ತಿಂಗಳಲ್ಲಿ ಮುಗಿಸುವ ಭರವಸೆ ಕೊಟ್ಟರು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಒಂದು ರೈಲೂ ಓಡಲಿಲ್ಲ.

ಈಗ ದುಡ್ಡಿನ ಮಾತು. ಇದು ಇಷ್ಟು ದೊಡ್ಡ ಮೊತ್ತವೇ ಎಂದು ಕೇಳುವವರು ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಉಪನಗರ ರೈಲು 148 ಕಿಲೋಮೀಟರಿಗೆ 15,767 ಕೋಟಿ. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಮೆಟ್ರೊ ಮೂರನೇ ಹಂತ 44.65 ಕಿಲೋಮೀಟರಿಗೆ 15,611 ಕೋಟಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಕೊರೆಯಬೇಕೆಂದಿರುವ ಸುರಂಗ ರಸ್ತೆ ಸುಮಾರು ಹದಿನೇಳು ಕಿಲೋಮೀಟರಿಗೆ ಹದಿನೇಳು ಸಾವಿರ ಕೋಟಿಗೂ ಮಿಕ್ಕಿ. ಕಿಲೋಮೀಟರಿಗೆ ಉಪನಗರ ರೈಲಿಗೆ ಸುಮಾರು ನೂರ ಆರು ಕೋಟಿ, ಮೆಟ್ರೊಗೆ ಮುನ್ನೂರೈವತ್ತು ಕೋಟಿ, ಸುರಂಗಕ್ಕೆ ಸಾವಿರ ಕೋಟಿ. ರೈಲಿನ ಅಂಕಿ 2020ರದ್ದು, ಇವತ್ತಿಗೆ ಅದು ಏರಿಯೇ ಇರುತ್ತದೆ. ಎರಡರಷ್ಟಾದರೂ ಮೂರರಲ್ಲಿ ಅಗ್ಗದ್ದು ಅದೇ. ಸುರಂಗದಲ್ಲಿ ಹೋಗುವುದು ಕಾರು. ರೈಲಿನಲ್ಲಿ ಹೋಗುವುದು ಮಾರಿಕುಪ್ಪಂ ರೈಲಿನ ಆ ಜನ. ಇಷ್ಟು ಖರ್ಚು ಮಾಡಬಲ್ಲ ಸರ್ಕಾರಗಳ ಬಳಿ ದುಡ್ಡಿಲ್ಲ ಎಂದು ನಾನು ಒಪ್ಪುವುದಿಲ್ಲ.

ದುಡ್ಡು ಬರುವ ದಾರಿಯೂ ನಿಗದಿಯಾಗಿದೆ. ಯೋಜನಾ ವೆಚ್ಚದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಕೇಂದ್ರದ್ದು, ಇಪ್ಪತ್ತು ರಾಜ್ಯದ್ದು, ಉಳಿದ ಅರವತ್ತು ಸಾಲ. ಕಟ್ಟುವ ಹೊಣೆ ಕೆ-ರೈಡ್ ಎಂಬ ಕಂಪನಿಯದು. ಅದರಲ್ಲಿ ರಾಜ್ಯ ಸರ್ಕಾರಕ್ಕೂ ರೈಲ್ವೆಗೂ ಪಾಲಿದೆ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕು 50 ಕೋಟಿ ಯೂರೊ, ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕು 30 ಕೋಟಿ ಯೂರೊ ಸಾಲ ಕೊಡಲು ಮುಂದೆ ಬಂದಿವೆ. ಇಂಥ ಬ್ಯಾಂಕುಗಳು ಚೆಕ್ ಬರೆದು ಕೈಗಿಡುವುದಿಲ್ಲ. ಜಾಗ ಕೈಸೇರಿತೇ, ಒಕ್ಕಲೆದ್ದವರಿಗೆ ಪರಿಹಾರ ಸಿಕ್ಕಿತೇ, ಮರಗಳ ಲೆಕ್ಕ ಏನು, ಟೆಂಡರ್ ಸರಿಯಾಗಿ ಆಯಿತೇ ಎಂದು ನೋಡಿಕೊಂಡು, ಕೆಲಸ ನಡೆದಷ್ಟಕ್ಕೆ ಹಣ ಬಿಡುತ್ತವೆ. ಹೀಗಾಗಿ ಸಾಲ ಮಂಜೂರಾಯಿತು ಎಂಬ ಸುದ್ದಿ ಓದಿ ಖುಷಿಪಡುವವರು ಒಂದು ವಿಷಯ ತಿಳಿದಿರಬೇಕು: ಜಾಗ ಸಿಗದಿದ್ದರೆ ಆ ಹಣ ಅಲ್ಲೇ ಇರುತ್ತದೆ.

ಎಲ್ಲ ಬಂದು ನಿಲ್ಲುವುದು ಈ ಜಾಗದ ಮೇಲೆ. ಉಪನಗರ ರೈಲು ಅಗ್ಗವಾಗಿರುವುದು ಏಕೆ? ಬಹುಪಾಲು ದಾರಿ ರೈಲ್ವೆಯ ಹಳಿಯ ಪಕ್ಕದಲ್ಲೇ, ರೈಲ್ವೆಯ ಜಾಗದಲ್ಲೇ, ನೆಲದ ಮೇಲೇ ಹೋಗುತ್ತದೆ. ಮಲ್ಲಿಗೆ ಮಾರ್ಗದ 25 ಕಿಲೋಮೀಟರಿನಲ್ಲಿ ಕಂಬದ ಮೇಲೆ ಹೋಗುವುದು ಸುಮಾರು 8 ಕಿಲೋಮೀಟರ್ ಮಾತ್ರ. ಖಾಸಗಿ ಜಮೀನು ಕೊಳ್ಳುವ ಖರ್ಚು ಉಳಿಯಿತು. ತಡವಾಗುತ್ತಿರುವುದೂ ಅದೇ ಕಾರಣಕ್ಕೆ, ಏಕೆಂದರೆ ಆ ಜಾಗ ಕೆ-ರೈಡ್‌ನದಲ್ಲ. ರೈಲ್ವೆ ಅದನ್ನು ಅಳೆದು, ತನಗೆ ಮುಂದೆ ಬೇಕಾಗುವ ಮೂರನೇ, ನಾಲ್ಕನೇ ಹಳಿಗೆ ಎಷ್ಟು ಬಿಡಬೇಕೆಂದು ಲೆಕ್ಕ ಹಾಕಿ, ಸಿಗ್ನಲ್ ಕೇಬಲ್ಲು, ಕ್ವಾರ್ಟರ್ಸು, ಗೋದಾಮು ಎಲ್ಲ ಸ್ಥಳಾಂತರಿಸಿ, ವಿಭಾಗದಿಂದ ಹುಬ್ಬಳ್ಳಿಯ ವಲಯ ಕಚೇರಿಗೆ, ಅಲ್ಲಿಂದ ದೆಹಲಿಯ ರೈಲ್ವೆ ಮಂಡಳಿಗೆ ಕಡತ ಕಳಿಸಿ, ಗುತ್ತಿಗೆಗೆ ಕೊಡಬೇಕು. ನಡುವೆ ರಾಜ್ಯದ ಜಾಗ, ರಕ್ಷಣಾ ಇಲಾಖೆಯ ಜಾಗ, ಖಾಸಗಿಯವರ ತುಂಡು ಜಾಗ. ಓಡಾಡುತ್ತಿರುವ ರೈಲುಗಳ ಪಕ್ಕದಲ್ಲಿ ಕೆಲಸ ಮಾಡಲು ರೈಲ್ವೆಯ ಸುರಕ್ಷತಾ ಅನುಮತಿ ಬೇರೆ. ಒಂದು ಮೇಲ್ಸೇತುವೆಯ ನಕ್ಷೆಗೆ ಸಹಿ ಬೀಳಲು ತಿಂಗಳುಗಳು ಹಿಡಿದರೆ ಯಾರನ್ನು ಕೇಳುವುದು? ರಾಜ್ಯವನ್ನು ಕೇಳಿದರೆ ರೈಲ್ವೆ ಜಾಗ ಕೊಡಲಿಲ್ಲ ಎನ್ನುತ್ತದೆ. ರೈಲ್ವೆಯನ್ನು ಕೇಳಿದರೆ ರಾಜ್ಯ ಮುತುವರ್ಜಿ ವಹಿಸಲಿಲ್ಲ ಎನ್ನುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಈ ಯೋಜನೆಯಷ್ಟು ಅನುಭವಿಸಿದ್ದು ಇನ್ನೊಂದಿಲ್ಲ. 2025ರಲ್ಲಿ ಮಲ್ಲಿಗೆ ಮತ್ತು ಕನಕ ಮಾರ್ಗಗಳ ಸಿವಿಲ್ ಕೆಲಸ ಹಿಡಿದಿದ್ದ ಗುತ್ತಿಗೆದಾರ ಕಂಪನಿ ಜಾಗ ಸಿಗುತ್ತಿಲ್ಲವೆಂದು ಕೆಲಸದಿಂದ ಹಿಂದೆ ಸರಿಯಿತು. ಬೋಗಿಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ತರುವ ಯೋಚನೆ ಅದಕ್ಕೂ ಮೊದಲೇ ಕೈಗೂಡದೆ ಹೋಗಿತ್ತು. ಕಂಪನಿಯನ್ನು ನಡೆಸುವ ಹುದ್ದೆಯಲ್ಲಿ ಬಹಳ ಕಾಲ ಬೇರೆ ಇಲಾಖೆಯ ಹೊರೆಯನ್ನೂ ಹೊತ್ತ ಅಧಿಕಾರಿಗಳು ಇದ್ದರು. ರೈಲು ಕಟ್ಟಿ ಗೊತ್ತಿರುವ ಪೂರ್ಣಾವಧಿಯ ಮುಖ್ಯಸ್ಥರು ಬೇಕು ಎಂದು ಹೋರಾಟಗಾರರು ಅಷ್ಟು ವರ್ಷ ಕೂಗಿದ್ದು ಇದಕ್ಕೇ.

ಮೆಟ್ರೊ ಹೇಗೆ ಓಡಿತು ಹಾಗಾದರೆ? ಅದೂ ಕೇಂದ್ರ ರಾಜ್ಯಗಳ ಜಂಟಿ ಕಂಪನಿಯೇ. ಅದೇನೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. 2006ರಲ್ಲಿ ಅಡಿಗಲ್ಲು ಬಿದ್ದು, 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ರೈಲು ಓಡಿ, 42 ಕಿಲೋಮೀಟರಿನ ಮೊದಲ ಹಂತ ಮುಗಿದದ್ದು 2017ರಲ್ಲಿ, ಖರ್ಚು ಎರಡು ಪಟ್ಟು ಮೀರಿ. ಆದರೂ ಮುಗಿಯಿತು. ಮೆಟ್ರೊಗೆ ಅದರದೇ ಕಾನೂನು ಇದೆ. ಜಾಗ ಸ್ವಾಧೀನ ಮಾಡಿಕೊಂಡ ಮೇಲೆ ಅದು ಅದರ ಜಾಗ. ಹಳಿ ಅದರದು, ಸಿಗ್ನಲ್ ಅದರದು, ಯಾವ ಎಕ್ಸ್‌ಪ್ರೆಸ್ಸಿಗೂ ದಾರಿ ಬಿಡಬೇಕಾಗಿಲ್ಲ. ತಪ್ಪಾದಾಗ ಬೈಯಲು ಒಂದೇ ವಿಳಾಸ. ಹಳದಿ ಮಾರ್ಗದ ರೈಲುಗಳು ಬರದೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ನಿಲ್ದಾಣಗಳು ಸಿದ್ಧವಾಗಿ ಬೀಗ ಹಾಕಿಕೊಂಡು ಕೂತಿದ್ದಾಗ ಜನ ಆ ಒಂದೇ ವಿಳಾಸಕ್ಕೆ ಹೋಗಿ ಪ್ರತಿಭಟಿಸಿದರು. 2025ರ ಆಗಸ್ಟ್‌ನಲ್ಲಿ ಮಾರ್ಗ ತೆರೆಯಿತು. ಉಪನಗರ ರೈಲಿನ ವಿಷಯದಲ್ಲಿ ಪ್ರತಿಭಟನೆ ಎಲ್ಲಿ ಮಾಡುವುದೆಂಬುದೇ ಗೊತ್ತಾಗುವುದಿಲ್ಲ. ಅಲ್ಲದೆ ರಸ್ತೆಯ ನಡುವೆ ಏಳುವ ಮೆಟ್ರೊ ಕಂಬ ಮತದಾರರ ಕಣ್ಣಿಗೆ ದಿನವೂ ಬೀಳುತ್ತದೆ. ಹಳಿಯ ಪಕ್ಕದ ಹೊಸ ಹಳಿ ಯಾರ ಕಣ್ಣಿಗೂ ಬೀಳದು. ಹಣ ಎಲ್ಲಿ ಹರಿಯುತ್ತದೆ ಎಂಬುದರಲ್ಲಿ ಇದಕ್ಕೂ ಪಾಲಿದೆ ಎಂದು ನನ್ನ ನಂಬಿಕೆ.

ಯೋಜನೆಯನ್ನು ಇನ್ನಷ್ಟು ದೂರ ಚಾಚುವ ವಿಷಯದಲ್ಲಿ ರಾಜ್ಯ ಮತ್ತು ರೈಲ್ವೆಯ ಜಗ್ಗಾಟ ಇನ್ನೂ ಸ್ಪಷ್ಟವಾಗಿ ಕಂಡಿತು. ಮೈಸೂರು, ತುಮಕೂರು, ಕೋಲಾರ, ಗೌರಿಬಿದನೂರಿನಂಥ ಊರುಗಳವರೆಗೆ ಎರಡನೇ ಹಂತದಲ್ಲಿ 452 ಕಿಲೋಮೀಟರ್ ಎಂದು ಕೆ-ರೈಡ್ ಪ್ರಸ್ತಾಪ ಮಾಡಿದಾಗ ನೈರುತ್ಯ ರೈಲ್ವೆ ಒಪ್ಪಲಿಲ್ಲ. ಆಮೇಲೆ ಕೇಂದ್ರದ ಕಡೆಯಿಂದ ಊರಿನ ಸುತ್ತ 287 ಕಿಲೋಮೀಟರಿನ ವರ್ತುಲ ರೈಲಿನ ಪ್ರಸ್ತಾಪ ಬಂತು. ಎರಡೂ ಒಳ್ಳೆಯವೇ ಇರಬಹುದು. ಆದರೆ 25 ಕಿಲೋಮೀಟರಿನ ಮಲ್ಲಿಗೆ ಮುಗಿಯದೆ ಇರುವಾಗ, ಪ್ರತಿ ಹೊಸ ನಕ್ಷೆಯೂ ಹಳೆಯ ಗಡುವಿನ ಪ್ರಶ್ನೆಯನ್ನು ಹಿಂದಕ್ಕೆ ತಳ್ಳುತ್ತದೆ. ಸಾರಿಗೆಯ ಎಲ್ಲ ಅಂಗಗಳನ್ನೂ ಒಂದೇ ಸೂರಿನಡಿ ತರಲೆಂದು ರಾಜ್ಯ ಸರ್ಕಾರ ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲಿ ಕಾಯ್ದೆಯನ್ನೇ ಮಾಡಿತು. ಕಾಗದದ ಮೇಲೆ ಸರಿಯಾದ ಹೆಜ್ಜೆ. ರೈಲ್ವೆಯನ್ನು ಅದು ಮೇಜಿಗೆ ಕರೆಯಬಹುದು, ಆಜ್ಞೆ ಮಾಡಲಾರದು.

ಇನ್ನೊಂದು ವಿಷಯ ಚರ್ಚೆಗೇ ಬರುತ್ತಿಲ್ಲ, ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ: ಟಿಕೆಟ್ ದರ. 2020ರ ಬಜೆಟ್ ಭಾಷಣದಲ್ಲಿ ಈ ರೈಲಿನ ದರ ಮೆಟ್ರೊ ಮಾದರಿಯಲ್ಲಿ ಇರುತ್ತದೆ ಎಂದಿತ್ತು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿದ್ದನ್ನು ನಾವು ನೋಡಿದ್ದೇವೆ. ಮಾರಿಕುಪ್ಪಂ ರೈಲಿನವರು ತಿಂಗಳ ಪಾಸು ತೆಗೆದುಕೊಂಡು, ಇಡೀ ತಿಂಗಳು ಕೆಲವೇ ನೂರು ರೂಪಾಯಿಯಲ್ಲಿ ಓಡಾಡುತ್ತಾರೆ. ಅವರ ದುಡಿಮೆ ಆ ಪಾಸಿನ ಮೇಲೆ ನಿಂತಿದೆ. ದೊಡ್ಡ ಸಾಲ ಮಾಡಿ ಕಟ್ಟಿದ ರೈಲು ಸಾಲ ತೀರಿಸಲೆಂದು ಮೆಟ್ರೊ ದರ ಹಾಕಿದರೆ, ಯಾರ ಹೆಸರು ಹೇಳಿ ನಾವು ಈ ರೈಲು ಕೇಳಿದೆವೋ ಅವರೇ ಹತ್ತಲಾರರು. ಹವಾನಿಯಂತ್ರಿತ ಬೋಗಿ, ಸ್ವಯಂಚಾಲಿತ ಬಾಗಿಲು ಎಲ್ಲ ಇರಲಿ, ಬೇಡ ಎನ್ನುವುದಿಲ್ಲ. ದುಡಿಯುವವರೂ ತಂಪಾಗಿ ಕೂತು ಬರಲಿ. ಆದರೆ ಪಾಸಿನ ದರ ಎಷ್ಟು, ಕೊರತೆಯಾದರೆ ತುಂಬಿಕೊಡುವವರು ಕೇಂದ್ರವೋ ರಾಜ್ಯವೋ ಎಂಬುದು ಮೊದಲ ರೈಲು ಓಡುವ ಮುಂಚೆ ಬರವಣಿಗೆಯಲ್ಲಿ ಬರಬೇಕು. ಓಡಿದ ಮೇಲೆ ಆ ಮಾತು ತೆಗೆದರೆ ಮತ್ತದೇ ಇಬ್ಬರ ನಡುವಿನ ಕಡತವಾಗುತ್ತದೆ.

ಪ್ರತ್ಯೇಕ ಹಳಿ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಶುರುವಾದ ಮೇಲೆ ಕೆಲವು ದೂರದ ರೈಲುಗಳು ಅಲ್ಲಿಗೆ ಹೋಗಿವೆ. ಹೊಸೂರು ಮತ್ತು ಯಶವಂತಪುರ–ಚನ್ನಸಂದ್ರ ಮಾರ್ಗಗಳ ಜೋಡಿ ಹಳಿಗೆ ರಾಜ್ಯವೂ ದುಡ್ಡು ಹಾಕಿದೆ. ಕಚೇರಿಗೆ ಹೋಗಿ ಬರುವ ಹೊತ್ತಿನಲ್ಲಿ ಮೆಮು ರೈಲುಗಳನ್ನು ಹೆಚ್ಚಿಸಲು, ಇರುವವುಗಳಿಗೆ ಇನ್ನು ನಾಲ್ಕು ಬೋಗಿ ಜೋಡಿಸಲು ಯಾವ ವಿದೇಶಿ ಬ್ಯಾಂಕಿನ ಒಪ್ಪಿಗೆಯೂ ಬೇಡ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಹಾಲ್ಟ್ ನಿಲ್ದಾಣ ತೆರೆದು ಕೆಲವು ರೈಲು ಬಿಟ್ಟರು. ಕೆಲಸದ ಪಾಳಿಗೆ ಹೊಂದದ ವೇಳೆ ಇಟ್ಟು, ಜನ ಹತ್ತುತ್ತಿಲ್ಲ ಎಂದು ಆಮೇಲೆ ಹೇಳುವುದು ನ್ಯಾಯವಲ್ಲ. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಸಾವಿರಾರು ಜನರನ್ನು ಕೇಳಿ ವೇಳಾಪಟ್ಟಿ ಮಾಡಿದ್ದರೆ ಫಲ ಬೇರೆಯೇ ಇರುತ್ತಿತ್ತು.

ಪತ್ರ ಬರೆದು ಕೇಳಿದವರಿಗೆ ನಾನು ಹೇಳುವುದು ಇಷ್ಟು. ಉದ್ಘಾಟನೆ ಯಾವಾಗ ಎಂದು ಕೇಳುವುದನ್ನು ಸದ್ಯ ಬಿಡಿ. ನಿಮ್ಮ ಸಂಸದರನ್ನು ಕೇಳಿ: ಮಲ್ಲಿಗೆ ಮಾರ್ಗದಲ್ಲಿ ರೈಲ್ವೆ ಇನ್ನೂ ಬಿಟ್ಟುಕೊಡಬೇಕಾದ ಜಾಗ ಎಲ್ಲೆಲ್ಲಿ, ಎಷ್ಟೆಷ್ಟು? ನಿಮ್ಮ ಶಾಸಕರನ್ನು ಕೇಳಿ: ರಾಜ್ಯ ಸ್ವಾಧೀನ ಮಾಡಿಕೊಡಬೇಕಾದ ತುಂಡುಗಳು ಯಾವ ಹಂತದಲ್ಲಿವೆ? ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿ, ಯಶವಂತಪುರ, ಜಾಲಹಳ್ಳಿ ಎಂದು ನಿಲ್ದಾಣದ ಹೆಸರು ಹಿಡಿದು ಕೇಳಿ. ಇಬ್ಬರೂ ಒಂದೇ ವೇದಿಕೆಯಲ್ಲಿ ಸಿಕ್ಕಿದರೆ ಇಬ್ಬರನ್ನೂ ಒಟ್ಟಿಗೆ ಕೇಳಿ, ಒಬ್ಬರ ಎದುರು ಇನ್ನೊಬ್ಬರು ಉತ್ತರಿಸಲಿ. ಈ ಎರಡು ಪಟ್ಟಿಗಳನ್ನು ಪ್ರತಿ ತಿಂಗಳೂ ಪ್ರಕಟಿಸಿ ಎಂದು ಕೆ-ರೈಡ್‌ಗೆ ಈ ವಾರ ನಾನೂ ಅರ್ಜಿ ಹಾಕುತ್ತಿದ್ದೇನೆ. ಬಂದ ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತೇನೆ.